ತೊಳೆದ ಕಾಸು

ನಮ್ಮ ದಾದಿಮಾ ಅವರ ಪಾನ್‌ದಾನ್‌ನಲ್ಲಿ ಸುಣ್ಣದ ಡಬ್ಬಿಯ ಪಕ್ಕ ಒಂದು ಆನೆ ಕಾಸು ಇರುತ್ತಿತ್ತು. ಟಿಪ್ಪು ಸುಲ್ತಾನರ ಕಾಲದ ತಾಮ್ರದ ಕಾಸು. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದು ಮಗ್ಗುಲಲ್ಲಿ ಫಾರ್ಸಿ ಅಕ್ಷರ. ಉರ್ದು ಶಾಲೆಯಲ್ಲಿ ಕಲಿತ ನಾಲ್ಕಕ್ಷರದ ಬಲದಿಂದ ನಾನು ‘ಪಟನ್’ ಎಂದು ಓದಿದ್ದೆ; ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆ. ಆನೆಯ ಮೇಲಿನ ಅಂಕಿ ಮಾತ್ರ ಅರ್ಥವಾಗಿರಲಿಲ್ಲ. 8121 ಎಂದು ಕಾಣುತ್ತಿತ್ತು. ಟಿಪ್ಪು 1787ರಿಂದ ಬಳಸಿದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅದು 1218, ಸುಮಾರು ಕ್ರಿ.ಶ. 1790 ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ದಾದಿಮಾ ತೀರಿಕೊಂಡ ವರ್ಷ ಈದ್ ಹಬ್ಬಕ್ಕೆ ಮನೆಯ ಪಾತ್ರೆಗಳನ್ನೆಲ್ಲ ಬೆಳಗುತ್ತಿದ್ದರು. ನಾನು ಆ ಕಾಸನ್ನೂ ತಂದು ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜಿದೆ. ಕಂದು ಕಾಸು ಹೊಸ ತಂಬಿಗೆಯಂತೆ ಕೆಂಪಗೆ ಹೊಳೆಯಿತು. ಅಬ್ಬಾ ಅದನ್ನು ಅಂಗೈಯಲ್ಲಿಟ್ಟು ನೋಡಿ, “ಚೆನ್ನಾಗಿದೆ ಬೇಟಾ” ಎಂದರು. ಆಮೇಲೆ ಅವರು ಅದನ್ನು ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಈ ಹಳೆಯ ಕಥೆ ಮತ್ತೆ ನೆನಪಾಗಲು ಕಾರಣವಿದೆ. ಆರ್.ಟಿ. ನಗರದಲ್ಲಿ ನಮ್ಮ ನೆರೆಯ ಆಪಾ ಒಬ್ಬರು ತಮ್ಮ ತೀರಿಹೋದ ಯಜಮಾನರ ನಾಣ್ಯಗಳ ಡಬ್ಬಿಯನ್ನು ನನ್ನ ಕೈಗಿತ್ತರು. ಮಗಳ ಕಾಲೇಜು ಫೀಜು ಕಟ್ಟಬೇಕಿತ್ತು. ಡಬ್ಬಿಯಲ್ಲಿ ಟಿಪ್ಪು ಕಾಲದ ಎರಡು ಬೆಳ್ಳಿ ರೂಪಾಯಿಗಳಿದ್ದವು, ಇಮಾಮಿ ಎಂದು ಕರೆಯುವಂಥವು. ವ್ಯಾಪಾರಿಯೊಬ್ಬರು ಭೂತಗನ್ನಡಿ ಹಿಡಿದು ನೋಡಿ, “ತೊಳೆದುಬಿಟ್ಟಿದ್ದಾರಲ್ಲ ಸಾರ್, ಅರ್ಧ ಬೆಲೆಯೂ ಬರಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಗಂಧಕದ ಹೊಗೆ ಹಿಡಿಸಿದರೆ ಹಳೇ ಬಣ್ಣ ಬರುತ್ತೆ. ಕೊಳ್ಳುವವರಿಗೆ ಗೊತ್ತಾಗಲ್ಲ” ಎಂದೂ ಸೇರಿಸಿದರು.

ತೊಳೆಯುವುದರಲ್ಲಿ ತಪ್ಪೇನಿದೆ? ತಾಮ್ರ ಗಾಳಿಯೊಡನೆ ಸೇರಿ ಕಂದಾಗುತ್ತದೆ, ಬೆಳ್ಳಿ ಗಂಧಕದ ಅಂಶ ಹೀರಿ ಕಪ್ಪಾಗುತ್ತದೆ. ಈ ತೆಳು ಪೊರೆ ಲೋಹದ ಚರ್ಮವೇ ಆಗಿಬಿಟ್ಟಿರುತ್ತದೆ, ಒಳಗಿನದನ್ನು ಕಾಯುತ್ತದೆ. ಹುಳಿ ಅದನ್ನು ಕರಗಿಸುತ್ತದೆ. ಪುಡಿ ಹಾಕಿ ಉಜ್ಜಿದರೆ ಲೋಹವೂ ಸವೆದು ಕೂದಲೆಳೆಯಂಥ ಗೀರುಗಳು ಉಳಿಯುತ್ತವೆ. ಆದರೆ ಎಲ್ಲ ಶುಚಿಯೂ ತಪ್ಪಲ್ಲ. ತಾಮ್ರದಲ್ಲಿ ಉಪ್ಪಿನಂಶ ಸೇರಿ ತಿಳಿಹಸಿರು ಪುಡಿ ಉದುರುವ ಒಂದು ಬಗೆಯ ಕಿಲುಬು ಇದೆ. ಬಿಟ್ಟರೆ ಅದು ಕಾಸನ್ನು ತಿನ್ನುತ್ತಲೇ ಹೋಗುತ್ತದೆ. ವಸ್ತುಸಂಗ್ರಹಾಲಯದ ತಜ್ಞರು ಅದಕ್ಕೆ ಚಿಕಿತ್ಸೆ ಮಾಡುತ್ತಾರೆ, ಏನು ಮಾಡಿದೆವೆಂದು ಬರೆದೂ ಇಡುತ್ತಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಎರಡು: ತೊಳೆದದ್ದು ಕಾಸಿನ ಆಯುಸ್ಸಿಗಾಗಿಯೋ, ನೋಡುವವರ ಕಣ್ಣಿಗಾಗಿಯೋ? ತೊಳೆದೆ ಎಂದು ಹೇಳಿದೆವೋ, ಮುಚ್ಚಿಟ್ಟೆವೋ?

ಮುಚ್ಚಿಡುವುದನ್ನು ಯಾವ ಅಳತೆಗೋಲೂ ತಾನಾಗಿ ತಡೆಯಲಾರದು. ಇಂದು ಜಗತ್ತಿನಾದ್ಯಂತ ನಾಣ್ಯಗಳಿಗೆ 1ರಿಂದ 70ರವರೆಗೆ ದರ್ಜೆ ಕೊಡುತ್ತಾರೆ. ಈ ಲೆಕ್ಕಕ್ಕೆ ಮೂಲ 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ತಂದ ಪುಸ್ತಕ. ಈತ ಮನಶ್ಶಾಸ್ತ್ರಜ್ಞ, ಮನುಷ್ಯರ ದೇಹಗಳಿಗೂ ಅಂಕಿ ಕೊಟ್ಟು, ದೇಹ ನೋಡಿ ಸ್ವಭಾವ ಹೇಳಬಹುದೆಂದು ನಂಬಿದ್ದವನು. ಇದೇ ಮನುಷ್ಯ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ನಾಣ್ಯಗಳನ್ನು ತೆಗೆದು, ಆ ಜಾಗದಲ್ಲಿ ಕಳಪೆಯವನ್ನು ಇಟ್ಟಿದ್ದ ಎಂಬುದು ಅವನು ಸತ್ತ ಮೇಲೆ ಬಯಲಾಯಿತು. ನಾಣ್ಯಕ್ಕೆ ದರ್ಜೆ ಕಟ್ಟಿದವನ ನಿಯತ್ತಿಗೆ ದರ್ಜೆ ಕಟ್ಟುವವರು ಆಗ ಯಾರೂ ಇರಲಿಲ್ಲ.

ನಾವು ಕೊಳೆ ಎನ್ನುವುದು ಕೆಲವೊಮ್ಮೆ ಸಾಕ್ಷಿಯೂ ಹೌದು. ನಮ್ಮ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಮಣ್ಣು ಅಗೆದಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳ ಕಾಲದವು. ಇಂಥ ಮಣ್ಣಿನಲ್ಲಿ, ಇಷ್ಟು ಒಟ್ಟಿಗೆ ಸಿಕ್ಕವು ಎಂಬ ದಾಖಲೆ ಉಳಿದದ್ದರಿಂದಲೇ ಈ ಸೀಮೆಗೂ ದೂರದ ರೋಮಿಗೂ ಇದ್ದ ನಂಟು ಗೊತ್ತಾಗುತ್ತದೆ. ಒಂದೊಂದಾಗಿ ತೊಳೆದು ಹೊಳಪಿಸಿ ಮಾರಿದ್ದರೆ ಅವು ಬರೀ ಬೆಳ್ಳಿ ಬಿಲ್ಲೆಗಳಾಗುತ್ತಿದ್ದವು.

ಆ ಕಾಸುಗಳನ್ನು ಹೊರಡಿಸಿದ ಟಿಪ್ಪುವಿಗೂ ಈಗ ಇದೇ ಗತಿ. 2015ರಲ್ಲಿ ಸರ್ಕಾರ ಅವರ ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಒಂದು ಗುಂಪು ಅವರನ್ನು ಕಲೆಯೇ ಇಲ್ಲದಂತೆ ಬೆಳಗುತ್ತದೆ, ಇನ್ನೊಂದು ಗುಂಪು ಅಕ್ಷರವೇ ಉಳಿಯದಂತೆ ಕೆರೆಯುತ್ತದೆ. ಬೆಳಗುವವರಲ್ಲಿ ನಮ್ಮವರು ಹೆಚ್ಚು ಎಂಬುದನ್ನು ಒಪ್ಪಿಕೊಳ್ಳಲು ನಮಗೇಕೆ ಸಂಕೋಚ? ಅಪ್ಪ ಹೈದರಲಿ ತನ್ನ ಹೊನ್ನಿನ ಮೇಲೆ ಶಿವ ಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಒಂದೇ ಅಕ್ಷರ ಹಾಕಿಸಿದ. ಮಗ ಆ ಪದ್ಧತಿ ಬಿಟ್ಟು ಬೇರೆ ಹಾದಿ ಹಿಡಿದ. ಎರಡೂ ನಿಜ. ಎರಡನ್ನೂ ಉಜ್ಜದೆ ಓದುವ ತಾಳ್ಮೆ ನಮಗೆ ಬೇಕು.

ಆಪಾ ಅವರ ರೂಪಾಯಿಗಳ ವಿಷಯಕ್ಕೆ ಬರುತ್ತೇನೆ. ಗಂಧಕದ ಹೊಗೆಯ ಮಾತು ನನ್ನನ್ನು ಎರಡು ದಿನ ಕಾಡಿತು. ಲಾಭ ನನಗಲ್ಲ, ತಂದೆಯಿಲ್ಲದ ಹುಡುಗಿಯ ಓದಿಗೆ ತಾನೆ ಎಂದು ಮನಸ್ಸು ವಾದಿಸಿತು. ಆದರೆ ಮದೀನಾದ ಸಂತೆಯ ಆ ಪ್ರಸಂಗ ನಿಮಗೂ ಗೊತ್ತು. ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈಯಿಟ್ಟಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿಗೆ ಅವರು ಕೇಳಿದ್ದು, ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲ ಎಂದು. ಮಳೆ ಅವನ ತಪ್ಪಲ್ಲ. ಒಣ ಕಾಳಿನಿಂದ ಮುಚ್ಚಿದ್ದು ಅವನ ತಪ್ಪು.

ಕೊನೆಗೆ ಆಪಾಗೆ ಎಲ್ಲ ಹೇಳಿದೆ. ಅವರು ನಕ್ಕರು. “ಪ್ರತಿ ರಂಜಾನ್‌ಗೂ ಹಲ್ಲುಪುಡಿ ಹಾಕಿ ಅವರೇ ಉಜ್ಜುತ್ತಿದ್ದರು ಭಾಯಿ, ನಾನು ಬೇಡ ಎನ್ನುತ್ತಿದ್ದೆ. ತೊಳೆದದ್ದು ಎಂದು ಹೇಳಿಯೇ ಮಾರಿ” ಎಂದರು. ಹಾಗೆಯೇ ಮಾರಿದೆವು. ಫೀಜಿಗೆ ಕಡಿಮೆ ಬಿತ್ತು. ಉಳಿದದ್ದನ್ನು ನಾಲ್ಕು ಮನೆಯವರು ಸೇರಿ ತುಂಬಿದೆವು.

ಮನೆಗೆ ಬಂದು ದಾದಿಮಾ ಕಾಸನ್ನು ಒಂದು ಕಾಗದದ ಲಕೋಟೆಯಲ್ಲಿಟ್ಟೆ. ಮೇಲೆ ‘ಹುಣಸೆಹಣ್ಣು, ಇಟ್ಟಿಗೆ ಪುಡಿಯಿಂದ ಉಜ್ಜಿದವನು ನಾನು’ ಎಂದು ಬರೆದು ಸಹಿ ಹಾಕಿದೆ. ಆನೆಯ ಬೆನ್ನಿನ ಗೀರುಗಳು ಹೋಗುವುದಿಲ್ಲ. ಕಾಸು ಮಾತ್ರ ಇಷ್ಟು ವರ್ಷಗಳಲ್ಲಿ ನಿಧಾನವಾಗಿ ಮತ್ತೆ ಕಂದಾಗುತ್ತಾ ಬಂದಿದೆ.