ನೋಡಿದವನ ಋಣ

ಒಂದು ಸ್ಥಳವನ್ನು ಕಣ್ಣಾರೆ ಕಂಡು ಬಂದ ಮಾತ್ರಕ್ಕೆ ಮನುಷ್ಯನು ಆ ಸ್ಥಳಕ್ಕೆ ಏನನ್ನಾದರೂ ಸಲ್ಲಿಸಬೇಕಾಗುವುದೆ? ಕೊಂಡದ್ದಕ್ಕೆ ಬೆಲೆಯುಂಟು, ಉಂಡದ್ದಕ್ಕೆ ಋಣವುಂಟು. ಬರಿದೆ ನೋಡಿದ್ದಕ್ಕೂ ಋಣವುಂಟೆ? ಮೊದಲ ನೋಟಕ್ಕೆ ಇದು ಕೆಲಸವಿಲ್ಲದವರ ತರ್ಕವೆಂದು ತೋರಬಹುದು. ಆದರೆ ಪ್ರವಾಸವೆಂಬುದು ಶ್ರೀಮಂತರ ಸೊತ್ತಾಗಿ ಉಳಿಯದೆ ಸಾಮಾನ್ಯ ಗೃಹಸ್ಥರ ಕೈಗೂ ಎಟುಕಿರುವ ಈ ಕಾಲದಲ್ಲಿ ಇದು ಪ್ರತಿಯೊಂದು ಮನೆಗೂ ಸಂಬಂಧಪಟ್ಟ ಪ್ರಶ್ನೆಯಾಗಿದೆ. ಬರಿಯ ತತ್ತ್ವದ ಮಾತಿನಿಂದ ಇದು ತಿಳಿಯಾಗದು. ಒಂದು ಉದಾಹರಣೆಯನ್ನು ಹಿಡಿದು ವಿಚಾರಮಾಡುವುದು ಲೇಸು. ಮುಂಬಯಿಯಿಂದ ದೋಣಿಯಲ್ಲಿ ಹೊರಟು, ಘಾರಾಪುರಿಯ ಗುಹೆಗಳನ್ನು ನೋಡಿ, ಸಂಜೆಗೆ ಹಿಂದಿರುಗುವ ಒಂದು ಹಗಲಿನ ಸಮುದ್ರವಿಹಾರವನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮುಂಬಯಿಯಲ್ಲಿ ನೆಲಸಿರುವ ಕನ್ನಡಿಗರು ಬಹು ಮಂದಿ. ಅವರ ಮನೆಗಳಿಗೆ ಊರಿನಿಂದ ನಂಟರು ಬಂದರೆ ಒಂದು ದಿನ ಅಪೊಲೊ ಬಂದರಿಗೆ ಕರೆದೊಯ್ಯುವುದು ವಾಡಿಕೆ. ೧೯೧೧ರಲ್ಲಿ ಐದನೆಯ ಜಾರ್ಜ್ ದೊರೆಯು ಅಲ್ಲಿ ಬಂದಿಳಿದುದರ ಸ್ಮಾರಕವಾಗಿ ಕಟ್ಟಿ, ೧೯೨೪ರಲ್ಲಿ ತೆರೆದ ಮಹಾದ್ವಾರವು ಅಲ್ಲಿ ನಿಂತಿದೆ. ೧೯೪೮ರ ಫೆಬ್ರವರಿ ೨೮ರಂದು ಬ್ರಿಟಿಷ್ ಸೈನ್ಯದ ಕಡೆಯ ತುಕಡಿಯು ಅದೇ ದ್ವಾರವನ್ನು ಹಾಯ್ದು ಹಡಗನ್ನೇರಿ ಹೊರಟುಹೋಯಿತು. ಬಂದವನ ವೈಭವಕ್ಕೆಂದು ಎತ್ತಿದ ಕಟ್ಟಡವು ಹೋದವರಿಗೂ ಬಾಗಿಲಾಯಿತು. ಘಾರಾಪುರಿಯು ಅಲ್ಲಿಂದ ಸುಮಾರು ೧೦ ಕಿಲೋಮೀಟರು. ಲಾಂಚಿನಲ್ಲಿ ಒಂದು ಗಂಟೆಯ ಹಾದಿ.

ಆ ಒಂದು ಗಂಟೆಯ ಸುಖವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ವಾರವೆಲ್ಲ ರೈಲುಗಾಡಿಯ ನೂಕುನುಗ್ಗಲಿನಲ್ಲಿ ಬೆವರಿದ ಗುಮಾಸ್ತನಿಗೆ, ಎರಡು ಕೋಣೆಗಳ ನಡುವೆಯೇ ದಿನ ಕಳೆಯುವ ಗೃಹಿಣಿಗೆ, ಎದುರಿಗೆ ಗೋಡೆಯಿಲ್ಲದ ಒಂದು ದಿಕ್ಕು ಕಾಣಿಸುವುದೆಂದರೆ ಸಾಮಾನ್ಯವಾದ ಲಾಭವಲ್ಲ. ಲಂಗರು ಹಾಕಿದ ಹಡಗುಗಳು, ತೈಲನೌಕೆಗಳು ಬಂದು ನಿಲ್ಲುವ ಜವಾಹರ ದ್ವೀಪ, ದೂರದಲ್ಲಿ ಟ್ರಾಂಬೆಯ ಅಣುಶಕ್ತಿ ಕೇಂದ್ರದ ಗುಮ್ಮಟ, ಎದುರು ದಡದಲ್ಲಿ ನ್ಹಾವಾ ಶೇವಾ ಬಂದರಿನ ಎತ್ತರದ ಕ್ರೇನುಗಳು, ಇವನ್ನೆಲ್ಲ ದಾಟಿ ದೋಣಿಯು ಸಾಗುತ್ತದೆ. ಚಳಿಗಾಲದಲ್ಲಿ ಕಡಲಹಕ್ಕಿಗಳು ಹಿಂಡುಗಟ್ಟಿ ಬೆನ್ನಟ್ಟಿ ಬರುತ್ತವೆ. ಪ್ರಯಾಣಿಕರು ಎಸೆಯುವ ಕರಿದ ತಿಂಡಿಯನ್ನು ಅವು ಗಾಳಿಯಲ್ಲಿಯೇ ಹಿಡಿಯುವಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಈ ತಿಂಡಿಯು ಹಕ್ಕಿಗೆ ಹಿತವೆ ಎಂದು ಕೇಳುವವರು ಕಡಮೆ.

ದ್ವೀಪದಲ್ಲಿ ಇಳಿದವರು ಅಂಗಡಿಗಳ ಸಾಲಿನ ನಡುವೆ ನೂರಿಪ್ಪತ್ತರಷ್ಟು ಮೆಟ್ಟಿಲುಗಳನ್ನೇರಿ ಮಹಾಗುಹೆಯನ್ನು ಸೇರಬೇಕು. ಏರಲಾರದವರನ್ನು ಕುರ್ಚಿಯಲ್ಲಿ ಕೂಡಿಸಿ ಹೆಗಲ ಮೇಲೆ ಹೊತ್ತೊಯ್ಯುವ ಡೋಲಿಯವರು ಬುಡದಲ್ಲಿ ಕಾದಿರುತ್ತಾರೆ. ಈ ಗುಹೆಯು ಕ್ರಿಸ್ತಶಕ ಆರನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ದ್ವೀಪದಲ್ಲಿ ದೊರೆತ ಕಲಚೂರಿ ಕೃಷ್ಣರಾಜನ ನಾಣ್ಯಗಳಿಂದ ಇದು ಅವನ ಕಾಲದ ಕೆಲಸವೆಂದು ಹಲವರು ಊಹಿಸುತ್ತಾರೆ. ನಮ್ಮ ನಾಡಿನ ಚರಿತ್ರೆಗೂ ಇದಕ್ಕೂ ಒಂದು ಎಳೆಯುಂಟು. ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ 'ಪುರಿ'ಯನ್ನು ಮುತ್ತಿದನೆಂದು ಕ್ರಿ. ಶ. ೬೩೪ರ ಐಹೊಳೆಯ ಶಾಸನವು ಹೇಳುತ್ತದೆ. ಆ ಪುರಿಯು ಈ ದ್ವೀಪವೇ ಎಂಬುದು ಕೆಲವು ವಿದ್ವಾಂಸರ ಮತ.

ಗುಹೆಯ ಒಳಗೆ ಗಂಗಾಧರನೂ ಅರ್ಧನಾರೀಶ್ವರನೂ ಇಕ್ಕೆಲದಲ್ಲಿರಲು, ನಡುವೆ ಹದಿನೆಂಟು ಅಡಿಗಳಷ್ಟು ಎತ್ತರವಾದ ಮೂರು ಮುಖಗಳ ಮೂರ್ತಿಯು ಕತ್ತಲೆಯೊಳಗಿಂದ ನಿಧಾನವಾಗಿ ಕಣ್ಣಿಗೆ ಬರುತ್ತದೆ. ಇದನ್ನು ತ್ರಿಮೂರ್ತಿಯೆನ್ನುವುದು ರೂಢಿ. ಬಲ್ಲವರು ಇದು ಪಂಚಮುಖನಾದ ಸದಾಶಿವನೆನ್ನುತ್ತಾರೆ. ಬಲಕ್ಕೆ ರೌದ್ರವಾದ ಅಘೋರ, ಎಡಕ್ಕೆ ಕೋಮಲವಾದ ವಾಮದೇವ, ನಡುವೆ ಶಾಂತನಾದ ತತ್ಪುರುಷ, ಈ ಮೂರು ಮಾತ್ರ ನಮಗೆ ಕಾಣುತ್ತವೆ. ಹಿಂಬದಿಯ ಸದ್ಯೋಜಾತವು ಬಂಡೆಯೊಳಗೆ ಅಡಗಿದೆ. ಮೇಲ್ಮುಖವಾದ ಈಶಾನವು ಕಣ್ಣಿನ ಎಟುಕಿಗೆ ಮೀರಿದ್ದು. ಶಿಲ್ಪಿಯು ಆ ಎರಡು ಮುಖಗಳನ್ನು ಕಡೆಯಲಿಲ್ಲ. ಆದರೆ ನೋಡುವವನು ಅವು ಇವೆಯೆಂದು ತಿಳಿದೇ ನೋಡಲಿ ಎಂಬುದು ಅವನ ಎಣಿಕೆ. ತನ್ನ ಕಣ್ಣಿಗೆ ಬಿದ್ದ ಮೂರೇ ಪೂರ್ಣವೆಂದು ನಂಬಿದವನು ಆ ಮೂರ್ತಿಯನ್ನು ನೋಡಿದಂತಾಗಲಿಲ್ಲ.

ಆ ದ್ವೀಪವನ್ನು ನಾವು ನೋಡಿದ ಬಗೆಯಾದರೂ ಎಂತಹದು? ಗುಹೆಯ ಬೆಟ್ಟದ ಸುತ್ತ ಶೇತ ಬಂದರು, ರಾಜ ಬಂದರು, ಮೋರಾ ಬಂದರು ಎಂಬ ಮೂರು ಹಳ್ಳಿಗಳಿವೆ. ಅಲ್ಲಿ ಸಾವಿರಕ್ಕೆ ಮೇಲ್ಪಟ್ಟು ಜನರು ವಾಸವಾಗಿದ್ದಾರೆ. ಯುನೆಸ್ಕೊ ಸಂಸ್ಥೆಯು ೧೯೮೭ರಲ್ಲಿ ಈ ಗುಹೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶದೇಶಗಳಿಂದ ಪ್ರೇಕ್ಷಕರು ಬಂದರು. ಮುಂಬಯಿಯಲ್ಲಿ ವಿದ್ಯುತ್ತಿನ ಟ್ರಾಮುಗಾಡಿ ಓಡಿದ್ದು ೧೯೦೭ರಲ್ಲಿ. ಅದೇ ನಗರದ ಎದುರಿಗೆ, ಒಂದು ಗಂಟೆಯ ದೋಣಿಹಾದಿಯಲ್ಲಿರುವ ಈ ಹಳ್ಳಿಗಳಿಗೆ ವಿದ್ಯುತ್ತು ಬಂದದ್ದು ೨೦೧೮ರ ಫೆಬ್ರವರಿಯಲ್ಲಿ. ಸಮುದ್ರದ ತಳದಲ್ಲಿ ಏಳೂವರೆ ಕಿಲೋಮೀಟರು ತಂತಿಯನ್ನು ಎಳೆದ ಮೇಲೆ ಅಲ್ಲಿಯ ಮನೆಗಳಲ್ಲಿ ದೀಪ ಉರಿಯಿತು. ಅಲ್ಲಿಯವರೆಗೆ ಸಂಜೆಯ ಕೆಲವು ಗಂಟೆಗಳ ಕಾಲ ಡೀಸೆಲ್ ಯಂತ್ರದ ಬೆಳಕು. ಅದು ನಿಂತ ಮೇಲೆ ಕತ್ತಲೆ. ಆ ಕತ್ತಲೆಯಲ್ಲಿ ಕುಳಿತವರಿಗೆ ನೀರಿನಾಚೆ ಮಹಾನಗರದ ದೀಪಗಳು ಪ್ರತಿ ರಾತ್ರಿಯೂ ಕಾಣುತ್ತಿದ್ದವು.

ವರ್ಷವರ್ಷವೂ ಲೆಕ್ಕವಿಲ್ಲದಷ್ಟು ವಿದ್ಯಾವಂತರು ಹೋಗಿಬರುತ್ತಿದ್ದ ಸ್ಥಳದ ಈ ಸ್ಥಿತಿಯು ಅವರಲ್ಲಿ ಹೆಚ್ಚಿನವರಿಗೆ ತಿಳಿಯದೆ ಹೋದದ್ದೇಕೆ? ಅವರು ಕಲ್ಲೆದೆಯವರೆಂದಲ್ಲ. ಕಡೆಯ ಲಾಂಚು ಸಂಜೆಗೇ ಹೊರಡುತ್ತದೆ. ಪ್ರವಾಸಿಗಳು ದ್ವೀಪದಲ್ಲಿ ರಾತ್ರಿ ತಂಗುವಂತಿಲ್ಲ. ಹಗಲಿನಲ್ಲಿ ದೀಪದ ಅಭಾವವು ಕಾಣುವುದಿಲ್ಲ. ಆ ಹಳ್ಳಿಯ ಮಗುವಿಗೆ ರಾತ್ರಿ ಜ್ವರವೇರಿದರೆ ಸಮುದ್ರವನ್ನು ದಾಟಬೇಕೆಂಬುದೂ, ಹೆಚ್ಚಿನ ವಿದ್ಯೆಗೆ ಹುಡುಗರು ಆಚೆಯ ದಡಕ್ಕೆ ಹೋಗಬೇಕೆಂಬುದೂ ಹಗಲಿನ ಪ್ರೇಕ್ಷಕನ ಕಣ್ಣಿಗೆ ಬೀಳುವ ಸಂಗತಿಗಳಲ್ಲ. ಒಂದು ದಿನದ ವಿಹಾರದ ಸ್ವರೂಪವೇ ಅಂತಹದು: ಅದು ನಮಗೆ ಸ್ಥಳವನ್ನು ತೋರಿಸುತ್ತದೆ, ಅಲ್ಲಿಯ ಬಾಳನ್ನು ಮರೆಮಾಡುತ್ತದೆ. ಹಾಗೆ ಮರೆಯಾದದ್ದು ಉಂಟೆಂಬುದನ್ನೂ ನಾವು ಅರಿಯದಿರುವುದೇ ಅದರ ದೊಡ್ಡ ದೋಷ.

ನಮ್ಮ ಹಿರಿಯರ ತೀರ್ಥಯಾತ್ರೆಯಲ್ಲಿ ಈ ದೋಷಕ್ಕೆ ತಾನಾಗಿಯೇ ಒಂದು ಪರಿಹಾರವಿತ್ತು. ಮಹಾಭಾರತದ ತೀರ್ಥಯಾತ್ರಾ ಪರ್ವದಲ್ಲಿ ಹಲವು ಕ್ಷೇತ್ರಗಳ ವಿಷಯವಾಗಿ ಮೂರು ರಾತ್ರಿ ಉಪವಾಸವಿದ್ದು ತಂಗಬೇಕೆಂಬ ವಿಧಿಯು ಬರುತ್ತದೆ. ಪುಣ್ಯವನ್ನು ಹಗಲಿನ ದರ್ಶನಕ್ಕೆ ಮಾತ್ರ ಕಟ್ಟದೆ ರಾತ್ರಿಗಳಿಗೂ ಕಟ್ಟಿದುದರ ಧಾರ್ಮಿಕ ಕಾರಣವು ಏನೇ ಇರಲಿ, ಅದರ ಲೌಕಿಕ ಫಲವು ಸ್ಪಷ್ಟವಾಗಿದೆ. ಮೂರು ರಾತ್ರಿ ತಂಗಿದವನಿಗೆ ಆ ಊರಿನ ಬಾವಿಯ ನೀರು ಸಿಹಿಯೋ ಉಪ್ಪೋ ತಿಳಿಯುತ್ತದೆ, ಸೊಳ್ಳೆ ತಿಳಿಯುತ್ತದೆ, ಪಕ್ಕದ ಮನೆಯ ಕೆಮ್ಮು ಕೇಳಿಸುತ್ತದೆ. ನಾವು ಅವನಂತೆ ತಂಗಲಾರೆವು. ನಿಯಮವೂ ಒಪ್ಪದು, ನಮ್ಮ ರಜೆಯೂ ಸಾಲದು. ಹಾಗಾದರೆ ಅವನು ದೇಹದಿಂದ ಮಾಡಿದ್ದನ್ನು ನಾವು ಮನಸ್ಸಿನಿಂದಲಾದರೂ ಮಾಡಬೇಡವೆ? ನೋಡಿದವನ ಋಣವೆಂದು ನಾವು ಹೇಳುವುದು ಇದನ್ನೇ: ಹಗಲನ್ನು ಕಂಡವನು ಕಾಣದ ರಾತ್ರಿಯನ್ನು ವಿಚಾರಿಸಿ ತಿಳಿಯಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. "ದೋಣಿಗೆ ಹಣ ಕೊಟ್ಟೆವು, ಗುಹೆಗೆ ಹಣ ಕೊಟ್ಟೆವು, ಇನ್ನು ಋಣವೆಲ್ಲಿಯದು?" ಎಂದು ಒಬ್ಬರು ಕೇಳಬಹುದು. ಈ ಮಾತನ್ನು ತಳ್ಳಿಹಾಕಲಾಗದು. ದ್ವೀಪದ ಬಹು ಮಂದಿಯ ಜೀವನವು ಪ್ರವಾಸಿಗಳ ಹಣದಿಂದಲೇ ನಡೆಯುತ್ತದೆ; ನಾವು ಹೋಗದಿದ್ದರೆ ಅವರಿಗೆ ನಷ್ಟವೇ ಹೊರತು ಲಾಭವಿಲ್ಲ. ಆದರೆ ಹಣವು ಸೇವೆಯ ಬೆಲೆ. ಡೋಲಿಯವನಿಗೆ ಕೂಲಿ ಕೊಟ್ಟ ಬಳಿಕವೂ, ಅವನ ಹೆಗಲು ನೋಯುತ್ತದೆಯೆಂಬುದನ್ನು ಅರಿಯುವ ಕರ್ತವ್ಯವು ತೀರುವುದಿಲ್ಲ. ಅದಕ್ಕೆ ಬೆಲೆ ಕಟ್ಟಿದವರಿಲ್ಲ.

"ವರ್ಷಕ್ಕೊಮ್ಮೆ ಸಿಕ್ಕುವ ಒಂದು ದಿನದ ಸುಖದಲ್ಲಿ ಪರರ ಕಷ್ಟವನ್ನು ಏಕೆ ಬೆರಸುವಿರಿ?" ಎಂದು ಮತ್ತೊಬ್ಬರು ಕೇಳಬಹುದು. ಇದು ಹೃದಯವುಳ್ಳವರ ಪ್ರಶ್ನೆ. ಮದುವೆಯ ಮನೆಯಲ್ಲಿ ಉಂಡೇಳುವಾಗ ಅಡಿಗೆಯವರ ಕಡೆಗೆ ತಿರುಗಿ ಒಂದು ಒಳ್ಳೆಯ ಮಾತನಾಡಿದವನಿಗೆ ಊಟದ ರುಚಿ ಕೆಟ್ಟಿತೆ? ತಿಳಿದು ಪಡೆದ ಸುಖವು ತಿಳಿಯದೆ ಪಡೆದುದಕ್ಕಿಂತ ಕಿರಿದಾಗುವುದಿಲ್ಲ. ಇನ್ನು, "ತಿಳಿದು ನಾವೇನು ಮಾಡಬಲ್ಲೆವು?" ಎಂಬುದು ಮೂರನೆಯ ಮಾತು. ಒಬ್ಬನು ಕಡಲಿನಡಿಯಲ್ಲಿ ತಂತಿ ಎಳೆಯಲಾರನು, ನಿಜ. ಆದರೆ ಒಂದು ಕೊರತೆಯು ಸಾವಿರಾರು ಮನೆಗಳ ಮಾತಾದಾಗ ಅದನ್ನು ಆಳುವವರು ಬಹುಕಾಲ ಕೇಳದಿರಲಾರರು. ಆ ಹಳ್ಳಿಗಳು ಅಷ್ಟು ವರ್ಷ ಕಾದುದರಲ್ಲಿ, ನೋಡಿ ಬಂದ ನಮ್ಮೆಲ್ಲರ ಮೌನಕ್ಕೂ ಒಂದು ಪಾಲು ಇಲ್ಲವೆನ್ನಬಹುದೆ?

ಇಷ್ಟಾದರೂ, ನೋಟವು ನಿರುಪದ್ರವವೆಂದು ವಾದಿಸುವವರು ಆ ದ್ವೀಪದ ಚರಿತ್ರೆಯನ್ನೇ ನೋಡಲಿ. ಅಲ್ಲಿದ್ದ ಕಲ್ಲಿನ ಆನೆಯನ್ನು ಕಂಡು ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟರು. ಗುಹೆಯಲ್ಲಿದ್ದ ಶಾಸನದ ಕಲ್ಲನ್ನು ಓದಿಸಬೇಕೆಂಬ ಕುತೂಹಲದಿಂದ ಕಿತ್ತು ತಮ್ಮ ದೇಶಕ್ಕೆ ಕಳುಹಿಸಿದರೆಂದು ಅವರ ಚರಿತ್ರಕಾರನಾದ ದಿಯೋಗು ದು ಕೌಟು ಬರೆದಿದ್ದಾನೆ. ಆ ಕಲ್ಲು ಮತ್ತೆ ಸಿಕ್ಕಲಿಲ್ಲ. ಕಟ್ಟಿಸಿದವನ ಹೆಸರು ನಮಗೆ ನಿಶ್ಚಯವಾಗದೆ ಉಳಿಯಿತು. ಆನೆಯನ್ನು ೧೮೬೪ರಲ್ಲಿ ಇಂಗ್ಲೆಂಡಿಗೆ ಸಾಗಿಸಲೆಂದು ಎತ್ತುವಾಗ ಯಂತ್ರವು ಮುರಿದು ಅದು ಚೂರಾಯಿತು. ಚೂರುಗಳನ್ನು ೧೯೧೪ರಲ್ಲಿ ಜೋಡಿಸಿದರು. ಅದು ಈಗ ಮುಂಬಯಿಯ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿದೆ. ಹೀಗೆ ಮಾಡಿದವರು ಆ ವಸ್ತುಗಳನ್ನು ದ್ವೇಷಿಸಿದವರಲ್ಲ, ಮೆಚ್ಚಿದವರು. ಮೆಚ್ಚಿಕೆಗೆ ಋಣದ ಅರಿವು ಜೊತೆಗಿಲ್ಲದಿದ್ದರೆ ಅದು ಒಯ್ಯುವ ಆಸೆಯಾಗಿ ತಿರುಗುತ್ತದೆ. ಕಂಬದ ಮೇಲೆ ಹೆಸರು ಕೆತ್ತುವವನೂ, ಬಾಟಲಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಬರುವವನೂ ಅದೇ ವಂಶದ ಬಡ ನಂಟರು.

೨೦೨೪ರ ಡಿಸೆಂಬರ್ ೧೮ರಂದು, ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಇದೇ ದ್ವೀಪದ ಕಡೆಗೆ ಹೊರಟಿದ್ದ ಒಂದು ಲಾಂಚಿಗೆ, ಯಂತ್ರಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದೋಣಿಯೊಂದು ಹತೋಟಿ ತಪ್ಪಿ ಬಡಿಯಿತು. ೧೫ ಮಂದಿ ಪ್ರಾಣ ಕಳೆದುಕೊಂಡರು. ಉಳಿದವರನ್ನು ಬದುಕಿಸಿದವರಲ್ಲಿ ಆ ವೇಳೆಗೆ ತಮ್ಮ ತಮ್ಮ ಕೆಲಸಕ್ಕಾಗಿ ಆ ನೀರಿನಲ್ಲಿ ಸಾಗುತ್ತಿದ್ದ ದೋಣಿಗಳವರೂ ಇದ್ದರು. ಅವರಿಗೂ ಆ ಪ್ರಯಾಣಿಕರಿಗೂ ನಂಟಿಲ್ಲ, ಗುರುತಿಲ್ಲ. "ನಾವು ಇಲ್ಲಿ ಹಾದುಹೋಗುವವರು ಮಾತ್ರ" ಎಂದು ಅವರು ಹೇಳಬಹುದಾಗಿತ್ತು, ಹೇಳಲಿಲ್ಲ. ಕಂಡರು, ಕಂಡದ್ದರಿಂದಲೇ ತಮ್ಮ ಮೇಲೆ ಹೊಣೆ ಬಿದ್ದಿತೆಂದು ತಿಳಿದು ದೋಣಿ ತಿರುಗಿಸಿದರು. ನಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವು ಗ್ರಂಥಗಳಲ್ಲಿ ಸಿಕ್ಕುವುದು ಕಷ್ಟ.

ವಿಹಾರಕ್ಕೆ ಹೋಗಬಾರದೆಂದು ನಮ್ಮ ಅಭಿಪ್ರಾಯವಲ್ಲ. ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಲಾಂಚಿನಲ್ಲಿ ಕೊಟ್ಟ ರಕ್ಷಣೆಯ ಅಂಗಿಯನ್ನು ಅಸಡ್ಡೆಮಾಡದೆ ತೊಡಬೇಕು. ತುಂಬಿದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಸದಾಶಿವನ ಮುಂದೆ ಅವಸರವಿಲ್ಲದೆ ನಿಲ್ಲಬೇಕು. ಕೆಳಗಿಳಿಯುವಾಗ ಸೌತೆಕಾಯಿಯನ್ನೋ ಹುಳಿಮಾವನ್ನೋ ಮಾರುವ ಹೆಂಗಸಿನೊಡನೆ ಚೌಕಾಸಿಯ ಮಾತನ್ನು ಮುಗಿಸಿದ ಬಳಿಕ, "ತಾಯಿ, ಕಡೆಯ ದೋಣಿ ಹೋದ ಮೇಲೆ ಇಲ್ಲಿ ಹೇಗಿರುತ್ತದೆ?" ಎಂದು ಒಂದು ಮಾತು ಕೇಳಬೇಕು. ಅವಳು ಹೇಳುವುದನ್ನು ನಿಂತು ಕೇಳಿ, ಮನೆಗೆ ಬಂದು ಚಿತ್ರಗಳನ್ನು ತೋರಿಸುವಾಗ ಅದನ್ನೂ ಸೇರಿಸಿ ಹೇಳಬೇಕು. ಅಷ್ಟರಿಂದ ಋಣವೆಲ್ಲ ತೀರಿತೆಂದಲ್ಲ; ಋಣವುಂಟೆಂದು ಒಪ್ಪಿದಂತಾಗುವುದು. ತೀರಿಸುವ ದಾರಿಯು ಅಲ್ಲಿಂದ ಮೊದಲಾಗುತ್ತದೆ.