ಗೋಡೆ ಬರೆದವನ ಪಾಲೆಷ್ಟು?

ಕಂಪ್ಯೂಟರಿನಿಂದ ಕೃತಕ ಲೋಕವೊಂದನ್ನು ರಚಿಸಿ, ಅದರಲ್ಲಿ ಪ್ರಾಣಿಯನ್ನು ಓಡಾಡಿಸಿ, ಅದರ ಮಿದುಳನ್ನು ಪರೀಕ್ಷಿಸುವ ವಿಧಾನವು ಈಗ ನರವಿಜ್ಞಾನದಲ್ಲಿ ರೂಢವಾಗಿದೆ. 2009ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡೇವಿಡ್ ಟ್ಯಾಂಕ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಇವುಗಳಲ್ಲಿ ಪ್ರಸಿದ್ಧವಾದುದು. ಗಾಳಿಯ ಒತ್ತಡದಲ್ಲಿ ತೇಲುವ ಹಗುರವಾದ ಗೋಲದ ಮೇಲೆ ಇಲಿಯನ್ನು ನಿಲ್ಲಿಸಿ, ತಲೆಬುರುಡೆಗೆ ಅಂಟಿಸಿದ ಪಟ್ಟಿಯಿಂದ ಅದರ ತಲೆ ಅಲುಗದಂತೆ ಬಿಗಿಯುತ್ತಾರೆ. ಇಲಿ ಓಡಿದರೆ ಗೋಲ ಉರುಳುತ್ತದೆ. ಉರುಳಿದಷ್ಟೂ ಪರದೆಯ ಮೇಲಿನ ಓಣಿ ಹಿಂದೆ ಸರಿಯುತ್ತದೆ. ಓಣಿಯ ತುದಿ ಮುಟ್ಟಿದರೆ ಒಂದು ಹನಿ ನೀರು. ಆ ಹನಿಗೆ ಬೆಲೆ ಬರಲೆಂದು ಇಲಿಯ ನೀರನ್ನು ಮೊದಲೇ ಮಿತಗೊಳಿಸಿರುತ್ತಾರೆ. ತಲೆಯನ್ನು ಬಿಗಿಯುವುದು ಕ್ರೌರ್ಯದಿಂದಲ್ಲ. ಒಂದೇ ನರಕೋಶದೊಳಗೆ ಸೂಕ್ಷ್ಮವಾದ ಗಾಜಿನ ನಳಿಕೆ ಇಳಿಸಿದಾಗ ಕೂದಲೆಳೆಯಷ್ಟು ಅಲುಗಿದರೂ ಪ್ರಯತ್ನವೆಲ್ಲ ವ್ಯರ್ಥ.

ಇದು ಬರಿಯ ಕುತೂಹಲವೂ ಅಲ್ಲ. ತಾನಿರುವ ಜಾಗವನ್ನು ಗುರುತಿಸುವ ಈ ಕೋಶಗಳನ್ನು 1971ರಲ್ಲಿ ತಿಳಿಸಿದ ಜಾನ್ ಓಕೀಫ್ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಮಿದುಳಿನ ಆ ಭಾಗವೇ ಆಲ್ಜೈಮರ್ ರೋಗದಲ್ಲಿ ಮೊದಮೊದಲು ಕೆಡುವುದು. ಮಗನ ಹೆಸರನ್ನೇ ಮರೆತ ಹಿರಿಯರಿರುವ ಮನೆಗಳು ನಮ್ಮ ಸಮಾಜದಲ್ಲೂ ಇವೆ.

ಆದರೂ ಶ್ರಾವಕನಿಗೆ ತತ್ತ್ವಾರ್ಥಸೂತ್ರ ನೆನಪಾಗದಿರದು. ಅಹಿಂಸಾಣುವ್ರತಕ್ಕೆ ಅದು ಹೇಳುವ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಎತ್ತು, ಕುದುರೆ ಸಾಕುವವರಿಗೆ ಹೇಳಿದ್ದೆಂದು ಇವನ್ನು ಓದಿಕೊಂಡು ಬಂದಿದ್ದೇವೆ. ಈ ಯಂತ್ರದಲ್ಲಿ ಮೊದಲನೆಯದೂ ಕಡೆಯದೂ ಎದುರಿಗೇ ಕಾಣುತ್ತವೆ. ಪಟ್ಟಿ ಅಂಟಿಸುವ ಶಸ್ತ್ರಕ್ರಿಯೆಯಲ್ಲಿ ಛೇದವೂ ಉಂಟು.

ಓಣಿಯ ಚಿತ್ರ ರಚಿಸಿದ ತಂತ್ರಜ್ಞನು, ತಾನು ಇಲಿಯನ್ನು ಮುಟ್ಟಿಯೇ ಇಲ್ಲವೆನ್ನಬಹುದು. ಕೃತ, ಕಾರಿತ, ಅನುಮತ ಎಂಬ ವಿಭಾಗವಿರುವುದು ಇಂಥವರಿಗಾಗಿಯೇ. ಗಲ್ಲಾಪೆಟ್ಟಿಗೆಯ ಮುಂದೆ ಒಂದು ದಿನವೂ ಕೂರದ ಪಾಲುದಾರನ ಖಾತೆಗೂ ವರ್ಷಾಂತ್ಯದಲ್ಲಿ ನಷ್ಟ ಬರೆಯುತ್ತೇವಲ್ಲವೆ? ಸಂಶೋಧನೆಗೆಂದು ದೇಣಿಗೆ ಕೊಡುವ ಟ್ರಸ್ಟುಗಳ ಸ್ಥಿತಿಯೂ ಇದೇ.

ಕೃತಕ ಲೋಕವೇ ದೋಷವೆಂದು ನಾನು ಹೇಳುತ್ತಿಲ್ಲ. 2016ರಲ್ಲಿ ಬಂದ ‘ಸೀ ಹೀರೋ ಕ್ವೆಸ್ಟ್’ ಎಂಬ ಆಟದಲ್ಲಿ 40 ಲಕ್ಷಕ್ಕೂ ಮಿಕ್ಕ ಜನ ಸ್ವಇಚ್ಛೆಯಿಂದ ದೋಣಿ ನಡೆಸಿ, ದಾರಿ ಹುಡುಕುವ ಶಕ್ತಿಯ ಅಧ್ಯಯನಕ್ಕೆ ಸಾಮಗ್ರಿ ಒದಗಿಸಿದರು. ಯಾರನ್ನೂ ಬಿಗಿಯಲಿಲ್ಲ, ಬಾಯಾರಿಸಲಿಲ್ಲ. ಒಂಟಿ ಕೋಶದ ಒಳಗನ್ನು ಆ ಆಟ ತೋರಿಸಲಾರದು, ನಿಜ. ಆದರೆ ಕೃತಕ ಓಣಿಯಲ್ಲಿ ಇಲಿಯ ಎಷ್ಟೋ ಸ್ಥಳಕೋಶಗಳು ಮೌನವಾಗಿಬಿಡುತ್ತವೆಂದು ಕ್ಯಾಲಿಫೋರ್ನಿಯದ ಮಯಾಂಕ್ ಮೆಹ್ತಾ ಅವರ ತಂಡ 2013ರಲ್ಲಿ ತೋರಿಸಿದೆ. ಅಲ್ಲಿ ದೊರೆತ ಉತ್ತರವು ನಿಜದ ಓಣಿಗೆ ಪೂರ್ಣವಾಗಿ ಸಲ್ಲುವುದಿಲ್ಲ. ಆದ್ದರಿಂದ ಟ್ರಸ್ಟಿನ ಹಣ ಮೊದಲನೆಯ ಬಗೆಯ ಕೆಲಸಕ್ಕೇ ಸಲ್ಲಲೆಂದು ದಾನಪತ್ರದಲ್ಲಿ ಬರೆಯಿಸುವುದು ಲೇಸು.

ಇಲಿಯಿಂದ ತಿಳಿದುಬಂದ ಔಷಧವನ್ನು ನಮ್ಮ ಮನೆಯ ರೋಗಿಗೆ ಕೊಡಬಹುದೇ? ನಾನಾದರೆ ಕೊಡುತ್ತೇನೆ, ಅದು ಅನುಮೋದನೆಯ ಲೆಕ್ಕಕ್ಕೆ ಹೊರಗೆಂದು ಮಾತ್ರ ಹೇಳಲಾರೆ.