ಕ್ಷೀಣ ದನಿಗೆ ಸುಲಭದ ದಾರಿ

ಟವರಿನ ಮಾತು ಫೋನಿಗೆ ಕೇಳಿಸುವುದರಲ್ಲಿ ಅಂಥ ಕಷ್ಟವೇನಿಲ್ಲ. ಟವರಿಗೆ ಎತ್ತರವಿದೆ, ಕರೆಂಟಿದೆ, ಕರೆಂಟು ಹೋದರೆ ಬ್ಯಾಟರಿಗಳೂ ಡೀಸೆಲ್ ಜನರೇಟರೂ ಇವೆ. ಹತ್ತಾರು ವಾಟ್ ಶಕ್ತಿಯಲ್ಲಿ ಅದು ರೇಡಿಯೊ ಅಲೆಗಳನ್ನು ಹೊರಡಿಸಬಲ್ಲದು. ಕಷ್ಟವೆಲ್ಲ ಇರುವುದು ಫೋನು ಉತ್ತರ ಕೊಡುವುದರಲ್ಲಿ. ಅಂಗೈಯಗಲದ ಸಾಧನ, ತೆಳ್ಳನೆಯ ಬ್ಯಾಟರಿ, ಹಿಡಿದ ಕೈಯೇ ಮುಚ್ಚಿಬಿಡುವಷ್ಟು ಪುಟ್ಟ ಆಂಟೆನಾ. 4ಜಿ ಫೋನು ತನ್ನೆಲ್ಲ ಶಕ್ತಿ ಹಾಕಿ ಕೂಗಿದರೂ ಅದು ಸಾಮಾನ್ಯವಾಗಿ ಒಂದು ವಾಟಿನ ಐದನೇ ಒಂದು ಪಾಲು, ಅಷ್ಟೆ. ಮೊಬೈಲ್ ಜಾಲದ ಗಡಿ ಎಲ್ಲಿ ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಟವರಿನ ಬಲವಲ್ಲ. ಈ ಕ್ಷೀಣ ದನಿ ಎಷ್ಟು ದೂರದಿಂದ ಕೇಳಿಸೀತು ಎಂಬುದು.

ಇದನ್ನು ತಿಳಿದವರು ಕಂಪನಾಂಕಗಳನ್ನು ಹಂಚಿರುವ ಬಗೆಯನ್ನು ನೋಡಿ. ಭಾರತದಲ್ಲಿ 700 ಮೆಗಾಹರ್ಟ್ಸ್ ಬ್ಯಾಂಡ್ ಎಂದು ಕರೆಯುವ ಪಟ್ಟಿಯಲ್ಲಿ ಫೋನುಗಳು ಮಾತಾಡುವುದು 703ರಿಂದ 748ರವರೆಗಿನ ಭಾಗದಲ್ಲಿ, ಟವರುಗಳು ಮಾತಾಡುವುದು 758ರಿಂದ 803ರವರೆಗಿನ ಭಾಗದಲ್ಲಿ. ಹಳೆಯ 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲೂ ಹೀಗೆಯೇ: ಫೋನಿಗೆ 890ರಿಂದ 915, ಟವರಿಗೆ 935ರಿಂದ 960. ಕಂಪನಾಂಕ ಕಡಿಮೆಯಾದಷ್ಟೂ ಅಲೆ ಉದ್ದವಾಗುತ್ತದೆ, ದಾರಿಯಲ್ಲಿ ಕಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಆದ್ದರಿಂದ ಎರಡು ಭಾಗಗಳಲ್ಲಿ ಕೆಳಗಿನದನ್ನು, ಅಂದರೆ ಸುಲಭದ ದಾರಿಯನ್ನು, ಬಲವಿಲ್ಲದ ಫೋನಿಗೆ ಬಿಟ್ಟುಕೊಟ್ಟಿದ್ದಾರೆ. ಇದರಿಂದಾಗುವ ಉಳಿತಾಯ ಸಣ್ಣದು. ಎಲ್ಲ ಕಡೆ ಇದೇ ಕ್ರಮವೂ ಅಲ್ಲ. ಯುರೋಪಿನ 800 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಪಕ್ಕದ ಟಿವಿ ಪ್ರಸಾರಕ್ಕೆ ತೊಂದರೆಯಾಗಬಾರದೆಂದು ಇದನ್ನು ತಿರುಗುಮುರುಗು ಮಾಡಿದ್ದಾರೆ. ಆದರೂ ಎಂಜಿನಿಯರಿಂಗ್ ಕೋಷ್ಟಕವೊಂದರ ಒಣ ಅಂಕಿಗಳ ಒಳಗೆ ಇಂಥ ದಾಕ್ಷಿಣ್ಯ ಅಡಗಿದೆ ಎಂದು ಮೊದಲ ಸಲ ತಿಳಿದಾಗ ನನಗೆ ಆ ಪುಟವನ್ನು ತಿರುವಿಹಾಕುವ ಮನಸ್ಸಾಗಲಿಲ್ಲ.

ಹಾಗೆ ಹೊರಟ ದನಿ ಟವರನ್ನು ಮುಟ್ಟುವ ಹೊತ್ತಿಗೆ ಏನು ಉಳಿದಿರುತ್ತದೆ? ಒಂದು ವಾಟನ್ನು ನೂರು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೇ ಒಂದು ಪಾಲು. ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಈ ಚೂರಿನಿಂದಲೇ ಮಗಳು ಹೇಳಿದ ಊಟದ ಸುದ್ದಿಯನ್ನು, ಆಸ್ಪತ್ರೆಯಿಂದ ಬಂದ ವರದಿಯನ್ನು, ಅಡಿಕೆ ಮಂಡಿಯ ಧಾರಣೆಯನ್ನು ಮತ್ತೆ ಇಡಿಯಾಗಿ ಕಟ್ಟಬೇಕು. ಅದಕ್ಕೆಂದೇ ಎಷ್ಟೋ ಕಡೆ ಟವರಿನ ತುದಿಯಲ್ಲಿ, ಆಂಟೆನಾಕ್ಕೆ ತೀರ ಹತ್ತಿರ, ದನಿ ಹಿಗ್ಗಿಸುವ ಸಾಧನವನ್ನು ಇಡುತ್ತಾರೆ. ಕೇಬಲ್ಲಿನಲ್ಲಿ ಇಳಿದು ಬರುವಷ್ಟರಲ್ಲಿ ಇದ್ದದ್ದೂ ಕರಗಬಾರದಲ್ಲ. ಕೇಳುವ ಆಂಟೆನಾ ಒಂದೇ ಇರುವುದಿಲ್ಲ, ಎರಡೋ ನಾಲ್ಕೋ ಇರುತ್ತವೆ. 5ಜಿಯಲ್ಲಿ ಒಂದೇ ಫಲಕದೊಳಗೆ 64ರವರೆಗೂ ಇರುವುದುಂಟು. ಗೋಡೆ, ಗುಡ್ಡ, ಬಸ್ಸು, ಮರಗಳಿಗೆ ಬಡಿದು ಹಲವು ದಾರಿಗಳಲ್ಲಿ ಬರುವ ಅಲೆಗಳು ಒಂದು ಜಾಗದಲ್ಲಿ ಪರಸ್ಪರ ಅಳಿಸಿಹಾಕಿಕೊಂಡಿದ್ದರೆ, ಒಂದು ಮೊಳ ಆಚೆಗೆ ಕೂಡಿಕೊಂಡು ಗಟ್ಟಿಯಾಗಿರುತ್ತವೆ. ಒಂದು ಕಿವಿಗೆ ತಪ್ಪಿದ್ದು ಇನ್ನೊಂದಕ್ಕೆ ಸಿಗಲಿ ಎಂಬ ಏರ್ಪಾಡು ಅದು. ದೂರದಿಂದ ನೋಡುವ ನಮಗೆ ಟವರು ಸದಾ ಏನನ್ನೋ ಬಿತ್ತರಿಸುತ್ತ ನಿಂತಂತೆ ಕಾಣುತ್ತದೆ. ಅದರ ನಿಜವಾದ ತಪಸ್ಸು ಕೇಳುವುದರಲ್ಲಿದೆ.

ಅಲೆಯ ಉದ್ದದ ಲೆಕ್ಕ ಕಠಿಣವೇನಲ್ಲ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. 700 ಮೆಗಾಹರ್ಟ್ಸ್‌ನ ಅಲೆ ಸುಮಾರು 43 ಸೆಂಟಿಮೀಟರ್, 900ರದ್ದು 33, 1800ರದ್ದು 17, ನಗರಗಳ 5ಜಿಯಲ್ಲಿ ಬಳಕೆಯಾಗುವ 3300ರದ್ದು ಸುಮಾರು 9. ಇನ್ನು 26 ಗಿಗಾಹರ್ಟ್ಸ್‌ಗೆ ಹೋದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು. ಈ ಅಳತೆಗಳನ್ನು ಹಿಡಿದು ಮಲೆನಾಡಿನ ಕಣಿವೆಯೊಂದನ್ನು ನೋಡಿದರೆ ಅಲ್ಲಿನ ಜನರ ಪಾಡು ಅರ್ಥವಾಗುತ್ತದೆ. 43 ಸೆಂಟಿಮೀಟರಿನ ಅಲೆಗೆ ಎಲೆ ಅಷ್ಟಾಗಿ ಅಡ್ಡಿಯಲ್ಲ. ಗುಡ್ಡದ ನೆತ್ತಿಯ ಮೇಲೆ ಒಂದಿಷ್ಟು ಬಾಗಿ ಆಚೆ ಮಗ್ಗುಲಿಗೂ ಇಳಿಯಬಲ್ಲದು. ಒಂದು ಸೆಂಟಿಮೀಟರಿನ ಅಲೆಗೆ ಒಂದೊಂದು ಎಲೆಯೂ ತನಗಿಂತ ದೊಡ್ಡ ತಡೆ, ಅದರಲ್ಲೂ ಆಷಾಢದ ಮಳೆಯಲ್ಲಿ ನೆನೆದ ಎಲೆ. ಕೊರೊನಾ ಕಾಲದಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಎಷ್ಟೋ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡ ಹತ್ತಿದರು. ಕಂಪನಾಂಕ, ಅಲೆಯ ಉದ್ದ ಎಂದು ಯಾರೂ ಅವರಿಗೆ ವಿವರಿಸಿರಲಿಲ್ಲ, ಆದರೂ ಯಾವ ಬಂಡೆಯ ಮೇಲೆ ಕೂತರೆ ಸಿಗ್ನಲ್ ಸಿಗುತ್ತದೆ ಎಂಬುದು ಅವರಿಗೆ ಕರಾರುವಾಕ್ಕಾಗಿ ಗೊತ್ತಿತ್ತು.

ಹಾಗಿದ್ದರೆ ಎಲ್ಲವನ್ನೂ 700ರಲ್ಲೇ ನಡೆಸಬಾರದೇಕೆ ಎನಿಸುವುದು ಸಹಜ. ಕೆಳಗಿನ ಕಂಪನಾಂಕಗಳಲ್ಲಿ ಜಾಗ ಕಿರಿದು. ಅಲ್ಲಿ ಒಂದು ಕಂಪನಿಗೆ 5 ಅಥವಾ 10 ಮೆಗಾಹರ್ಟ್ಸ್ ಸಿಕ್ಕರೆ ಅದೇ ಹೆಚ್ಚು. 3300ರ ಕಡೆ 100 ಮೆಗಾಹರ್ಟ್ಸ್, 26 ಗಿಗಾಹರ್ಟ್ಸ್‌ನಲ್ಲಿ 1000 ಮೆಗಾಹರ್ಟ್ಸ್ ಇಟ್ಟುಕೊಂಡವರಿದ್ದಾರೆ. ದೂರ ಹೋಗುವ ಅಲೆ ಹೊರುವುದು ಕಡಿಮೆ, ಬಹಳ ಹೊರುವ ಅಲೆ ಬೇಗ ದಣಿಯುತ್ತದೆ. ಆದ್ದರಿಂದ ಕಂಪನಿಗಳು ಒಂದರ ಮೇಲೊಂದು ಪದರ ಹಾಸುತ್ತವೆ. ಅಡಿಯಲ್ಲಿ 700, 800, 900ರ ಅಗಲವಾದ ಪದರ, ಅದರ ಮೇಲೆ 1800, 2100, 2300ರದ್ದು, ಪೇಟೆಯ ದಟ್ಟಣೆಯಲ್ಲಿ 3300ರದ್ದು. ಬೇಕಾದಾಗ ಎರಡು ಮೂರು ಪದರಗಳನ್ನು ಜೋಡಿಸಿ ಒಂದೇ ಫೋನಿಗೆ ಉಣಿಸುತ್ತವೆ. ಅದರಲ್ಲೂ ಒಂದು ಜೋಡಣೆ ಇದೆ: ಕೆಳಗಿಳಿಯುವ ಭಾರೀ ದತ್ತಾಂಶವನ್ನು ಎತ್ತರದ ಕಂಪನಾಂಕ ಹೊರುತ್ತದೆ, ಫೋನಿನ ಉತ್ತರವನ್ನು ಮಾತ್ರ ತಗ್ಗಿನ ಕಂಪನಾಂಕ ತರುತ್ತದೆ. ಸುಲಭದ ದಾರಿ ಇಲ್ಲೂ ಕ್ಷೀಣ ದನಿಗೇ.

ಅಲೆ ದಣಿಯುತ್ತದೆ, ಸಾಯುತ್ತದೆ ಎಂಬುದನ್ನು ಕೊರತೆಯೆಂದು ತಿಳಿಯುವುದು ಸುಲಭ. ನಾನು ಅದನ್ನು ವರವೆಂದೇ ನಂಬಿದ್ದೇನೆ. 1976ರ ನ್ಯೂಯಾರ್ಕ್ ನಗರದಲ್ಲಿ ಬೆಲ್ ಕಂಪನಿಯ ಕಾರ್ ಫೋನ್ ಇಟ್ಟುಕೊಂಡವರು 545 ಜನ, ಸಂಪರ್ಕಕ್ಕಾಗಿ ಕಾದಿದ್ದವರು 3700 ಜನ. ಅಷ್ಟು ದೊಡ್ಡ ಊರಿಗೆಲ್ಲ ಸೇರಿ ಇದ್ದದ್ದು 12 ಚಾನೆಲ್. ಎತ್ತರದ ಜಾಗದಿಂದ ಜೋರಾಗಿ ಪ್ರಸಾರ ಮಾಡಿ ಊರಿಡೀ ಮುಟ್ಟಿಸುವ ವ್ಯವಸ್ಥೆ ಅದು. ಒಬ್ಬ ಮಾತಾಡುತ್ತಿದ್ದರೆ ಆ ಕಂಪನಾಂಕ ಊರಿಗೆಲ್ಲ ಮುಗಿದಂತೆ. ಇದಕ್ಕೆ ಪರಿಹಾರವನ್ನು ಅದೇ ಬೆಲ್ ಪ್ರಯೋಗಾಲಯದ ಡಗ್ಲಾಸ್ ರಿಂಗ್ 1947ರಷ್ಟು ಹಿಂದೆಯೇ ಒಂದು ಟಿಪ್ಪಣಿಯಲ್ಲಿ ಬರೆದಿಟ್ಟಿದ್ದರು. ಊರನ್ನು ಆರು ಮೂಲೆಯ ಪುಟ್ಟ ಕೋಶಗಳಾಗಿ ಒಡೆಯಿರಿ, ಪ್ರತಿ ಕೋಶದಲ್ಲೂ ಮೆಲ್ಲನೆ ಮಾತಾಡಿ. ಅಲೆ ಸ್ವಲ್ಪ ದೂರ ಹೋಗಿ ಕರಗಿದ ಮೇಲೆ ಅದೇ ಕಂಪನಾಂಕವನ್ನು ಇನ್ನೊಂದು ಕೋಶದಲ್ಲಿ ಮತ್ತೆ ಬಳಸಿ. ಎಷ್ಟು ಸಲ ಬೇಕಾದರೂ ಬಳಸಿ. ಅಲೆ ಸಾಯದಿದ್ದರೆ ಇದು ಸಾಧ್ಯವೇ ಇರಲಿಲ್ಲ. ಶಿರಸಿಯಲ್ಲಿ ಹೊರಟದ್ದು ಹುಬ್ಬಳ್ಳಿಗೂ ಬಳ್ಳಾರಿಗೂ ಅಷ್ಟೇ ಗಟ್ಟಿಯಾಗಿ ಮುಟ್ಟುವಂತಿದ್ದರೆ ಇಡೀ ರಾಜ್ಯದಲ್ಲಿ ಏಕಕಾಲಕ್ಕೆ ಕೈಬೆರಳೆಣಿಕೆಯ ಜನ ಮಾತ್ರ ಮಾತಾಡಬಹುದಿತ್ತು. ಇಂದಿನ ಎಂಜಿನಿಯರುಗಳು ಬೆಂಗಳೂರಿನಂಥ ಊರಿನಲ್ಲಿ ಆಂಟೆನಾಗಳನ್ನು ಕೆಲವು ಡಿಗ್ರಿ ನೆಲದ ಕಡೆಗೆ ಬಾಗಿಸಿ ಕಟ್ಟುತ್ತಾರೆ. ಅಲೆ ತನ್ನ ಬೀದಿ ದಾಟಿ ಪಕ್ಕದ ಬಡಾವಣೆಯಲ್ಲಿ ಗದ್ದಲ ಮಾಡಬಾರದೆಂದು ಅದನ್ನು ಬೇಕೆಂದೇ ಮೊಟಕು ಮಾಡುವ ಕೆಲಸವದು. ಕೋಟಿಗಟ್ಟಲೆ ಜನ ಒಟ್ಟಿಗೆ ಮಾತಾಡುತ್ತಿರುವುದು ಯಾವ ಅಲೆಯೂ ಬಹಳ ದೂರ ಹೋಗದಿರುವುದರಿಂದ.

ಕಿರುಅಲೆಗಳ ಕಥೆ ನಮ್ಮ ದೇಶದಲ್ಲಿ ಹಳೆಯದು. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಗೋಡೆ ದಾಟಿ ಹೋದ ಅಲೆಯಿಂದ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ಅವರ ಪ್ರಯೋಗಗಳಲ್ಲಿ 5 ಮಿಲಿಮೀಟರಿನಷ್ಟು ಗಿಡ್ಡ ಅಲೆಗಳೂ ಇದ್ದವು, ಅಂದರೆ 60 ಗಿಗಾಹರ್ಟ್ಸ್. ಜಗತ್ತು ಉದ್ದದ ಅಲೆಗಳ ಹಿಂದೆ ಬಿದ್ದ ಕಾಲ ಅದು, ಸಮುದ್ರ ದಾಟಿಸಲು ಅವೇ ಬೇಕಿತ್ತು. ಮಿಲಿಮೀಟರ್ ಅಲೆಗಳು ಜನಸಾಮಾನ್ಯರ ಫೋನಿನ ಹೊಸ್ತಿಲಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಕಾಕತಾಳೀಯವೋ ಏನೋ, ಟೌನ್‌ಹಾಲಿನ ಆ ಪ್ರದರ್ಶನಕ್ಕೆ ನೂರು ವರ್ಷವಾದಾಗ, 1995ರ ಜುಲೈ 31ರಂದು, ಭಾರತದ ಮೊದಲ ಮೊಬೈಲ್ ಕರೆ ಹೋದದ್ದೂ ಅದೇ ಕಲ್ಕತ್ತೆಯಿಂದ. ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದರು. ಅದೇ ವರ್ಷದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತ್ತು. ತಂತಿಯಿಲ್ಲದ ಮಾತು ನಮ್ಮ ಕೈಗೆ ಬರುವ ಮೊದಲೇ ಅದರ ದಾರಿ ಯಾರದ್ದು ಎಂಬುದು ತೀರ್ಮಾನವಾಗಿತ್ತು ಎಂದು ನೆನೆದರೆ ನನಗೆ ಸಮಾಧಾನವಾಗುತ್ತದೆ.

ಆ ಸ್ವತ್ತನ್ನೇ ಈಗ ಹರಾಜಿನಲ್ಲಿ ಕೆಲವು ವರ್ಷಗಳ ಮಟ್ಟಿಗೆ ಕೊಡುತ್ತಾರೆ. 2022ರ ಹರಾಜಿನಲ್ಲಿ ಸರ್ಕಾರಕ್ಕೆ ಬಂದ ಬೆಲೆ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ಮುಟ್ಟಲಾಗದ, ಕಾಣಿಸದ, ಒಂದು ಕಂಪನದ ಹಕ್ಕಿಗೆ ಅಷ್ಟು ಹಣ. ಗಣಿಯ ಅದಿರು ತೆಗೆದಷ್ಟೂ ಕರಗುತ್ತದೆ, ತರಂಗಾಂತರ ಹಾಗಲ್ಲ. ಎಷ್ಟು ಬಳಸಿದರೂ ಮರುಕ್ಷಣ ಅಷ್ಟೂ ಹೊಸದಾಗಿ ಇರುತ್ತದೆ. ಬಳಸದೆ ಬಿಟ್ಟರೆ ಮಾತ್ರ ಆ ಕ್ಷಣದ್ದು ಹೋಯಿತು, ಕೂಡಿಡಲು ಬರುವುದಿಲ್ಲ. ಹಳ್ಳಿಗಳಿಗೆ ಎಲ್ಲಕ್ಕಿಂತ ಒಗ್ಗುವ 700 ಮೆಗಾಹರ್ಟ್ಸ್ ಬ್ಯಾಂಡನ್ನು 2016ರಲ್ಲಿ ಹರಾಜಿಗಿಟ್ಟಾಗ ಮೂಲಬೆಲೆಯ ಭಾರಕ್ಕೆ ಯಾರೂ ಕೊಳ್ಳಲಿಲ್ಲ, 2021ರಲ್ಲೂ ಕೊಳ್ಳಲಿಲ್ಲ. 2022ರಲ್ಲಿ ಬೆಲೆ ಇಳಿಸಿದ ಮೇಲೆ ಜಿಯೊ ಒಂದೇ ಕೊಂಡಿತು. ಬಿಎಸ್‌ಎನ್‌ಎಲ್‌ಗೂ ಈ ಬ್ಯಾಂಡಿನಲ್ಲಿ ಪಾಲು ಕೊಟ್ಟಿದ್ದಾರೆ. ಆ ನಡುವಿನ ವರ್ಷಗಳಲ್ಲೇ ಮಕ್ಕಳು ಗುಡ್ಡ ಹತ್ತಿದ್ದು. ಬ್ಯಾಂಡ್ ಮಾರಾಟವಾದ ಮಾತ್ರಕ್ಕೆ ಟವರು ಏಳುತ್ತಿರಲಿಲ್ಲ ನಿಜ, ಆದರೂ ಗುಡ್ಡವನ್ನು ಬಳಸಿ ಇಳಿಯಬಲ್ಲ ಅಲೆ ಯಾರಿಗೂ ದಕ್ಕದೆ ಸುಮ್ಮನಿದ್ದದ್ದು ನನಗೆ ನಷ್ಟವಾಗಿಯೇ ಕಾಣುತ್ತದೆ.

ಇಷ್ಟು ಬೆಲೆಬಾಳುವ ಪಟ್ಟಿಯ ನಡುವೆ ಒಂದು ತುಂಡನ್ನು ಯಾರೂ ಮಾರುವುದಿಲ್ಲ, ಕೊಳ್ಳುವುದಿಲ್ಲ. 1400ರಿಂದ 1427 ಮೆಗಾಹರ್ಟ್ಸ್‌ವರೆಗೆ ಜಗತ್ತಿನ ಯಾವ ದೇಶವೂ ಅಲೆ ಹೊರಡಿಸಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. 900ಕ್ಕೂ 1800ಕ್ಕೂ ನಟ್ಟನಡುವೆ, ಚಿನ್ನದಂಥ ಜಾಗ. ಆಕಾಶಗಂಗೆಯಲ್ಲಿ ಹರಡಿರುವ ಹೈಡ್ರೋಜನ್ ತನ್ನಷ್ಟಕ್ಕೆ ಸೂಸುವ ಅಲೆ 1420 ಮೆಗಾಹರ್ಟ್ಸ್‌ನದು. ಸಾವಿರಾರು ಜ್ಯೋತಿರ್ವರ್ಷ ದಾಟಿ ಬರುವ ಆ ದನಿಯ ಮುಂದೆ ಫೋನಿನ ದನಿ ಸಿಡಿಲಿಗೆ ಸಮ. ಅದನ್ನು ಕೇಳಬೇಕಾದರೆ ಉಳಿದವರು ಬಾಯಿ ಮುಚ್ಚಿರಲೇಬೇಕು. ಗೌರಿಬಿದನೂರಿನ ಬಯಲಿನಲ್ಲಿ ಇನ್ನೂ ಉದ್ದದ ಅಲೆಗಳಲ್ಲಿ ಸೂರ್ಯನನ್ನೂ ಆಕಾಶವನ್ನೂ ಆಲಿಸುತ್ತ ಬಂದಿರುವ ನಮ್ಮ ಖಗೋಳಜ್ಞರಿಗೆ ಇಂಥ ಮೌನದ ಬೆಲೆ ಚೆನ್ನಾಗಿ ಗೊತ್ತು. ವ್ಯಾಪಾರದ ಲೆಕ್ಕಾಚಾರ ಇಷ್ಟು ಬಿಗಿಯಾಗಿರುವ ಕಡೆಯೂ ಮನುಷ್ಯರೆಲ್ಲ ಕೂಡಿ ಒಂದು ತುಂಡನ್ನು ಬರಿಯ ಕೇಳುವುದಕ್ಕೆಂದು ಬಿಟ್ಟಿರುವುದು ನಾವು ಮಾಡಿರುವ ಅತ್ಯಂತ ಸುಂದರ ಒಪ್ಪಂದಗಳಲ್ಲಿ ಒಂದು.

ಇನ್ನೊಬ್ಬರ ಮಾತಿಗೆ ಅಡ್ಡಬರದೆ ಸುಮ್ಮನಿರುವ ಶಿಸ್ತು ಫೋನುಗಳಿಗೂ ಬೇಕು. 2ಜಿ ಜಾಲದಲ್ಲಿ ಒಂದೇ ಚಾನೆಲ್ಲನ್ನು ಎಂಟು ಫೋನುಗಳು ಸರದಿಯಂತೆ ಹಂಚಿಕೊಳ್ಳುತ್ತವೆ. ಒಂದೊಂದಕ್ಕೆ ಸಿಗುವ ಸರದಿ 577 ಮೈಕ್ರೋಸೆಕೆಂಡ್. ಬೆಳಕಿನ ವೇಗದ ಅಲೆಗೂ 30 ಕಿಲೋಮೀಟರ್ ದಾಟಲು 100 ಮೈಕ್ರೋಸೆಕೆಂಡ್ ಬೇಕು. ದೂರದ ಫೋನು ತನ್ನ ಸರದಿ ಬಂದ ಮೇಲೆಯೇ ಬಾಯಿ ತೆರೆದರೆ ಅದರ ಮಾತು ಮುಂದಿನವನ ಸರದಿಯ ಮೇಲೆ ಬೀಳುತ್ತದೆ. ಆದ್ದರಿಂದ ಟವರು ಪ್ರತಿ ಫೋನೂ ಎಷ್ಟು ದೂರದಲ್ಲಿದೆ ಎಂದು ಅಳೆದು, ನೀನು ಇಷ್ಟು ಮೊದಲೇ ಶುರುಮಾಡು ಎಂದು ಹೇಳುತ್ತಿರುತ್ತದೆ. ಮುಹೂರ್ತಕ್ಕೆ ಎಲ್ಲರೂ ಸೇರಬೇಕಾದ ಮದುವೆಗೆ ದೂರದೂರಿನ ನೆಂಟರು ಕತ್ತಲಿರುವಾಗಲೇ ಹೊರಡುವಂತೆ. ಹೀಗೆ ಮುಂಚಿತವಾಗಿ ಹೊರಡಿಸಲು ಸಾಧ್ಯವಿರುವುದು 35 ಕಿಲೋಮೀಟರಿನವರೆಗೆ. ಅಲೆಗೆ ಅಡ್ಡಿಯಿಲ್ಲದ ಕಡಲತೀರಗಳಲ್ಲಿ ಎರಡು ಸರದಿಗಳನ್ನು ಒಬ್ಬರಿಗೇ ಕೊಟ್ಟು ಆ ಮಿತಿಯನ್ನು ಹಿಗ್ಗಿಸುವುದೂ ಉಂಟು.

ದೂರದಂತೆಯೇ ದನಿಯ ಏರಿಳಿತವನ್ನೂ ಟವರು ಗಮನಿಸುತ್ತದೆ. 3ಜಿಯಲ್ಲಿ ಅದು ಪ್ರತಿ ಫೋನಿಗೂ ಸೆಕೆಂಡಿಗೆ 1500 ಸಲ ಹೇಳುತ್ತಿತ್ತು, ತುಸು ಏರಿಸು, ತುಸು ಇಳಿಸು ಎಂದು. ಹತ್ತಿರದವನು ಅನಗತ್ಯವಾಗಿ ಕೂಗಿ ದೂರದವನ ಮಾತನ್ನು ಮುಳುಗಿಸಬಾರದೆಂಬುದು ಅದರ ಉದ್ದೇಶ. 4ಜಿ ಫೋನು ಟವರಿನ ಬುಡದಲ್ಲಿದ್ದಾಗ ತನ್ನ ಗರಿಷ್ಠ ಶಕ್ತಿಯ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯಬಲ್ಲದು. ಕಣಿವೆಯ ತಳದ ಫೋನಿಗೆ ಆ ಸೌಕರ್ಯವಿಲ್ಲ. ಅದು ಮತ್ತೆ ಮತ್ತೆ ಟವರು ಹುಡುಕುತ್ತ, ಸಿಕ್ಕಾಗ ಪೂರ್ತಿ ಗಂಟಲಿನಲ್ಲಿ ಕೂಗುತ್ತ ಬೆಳಗಿನ ಚಾರ್ಜನ್ನು ಮಧ್ಯಾಹ್ನಕ್ಕೇ ಮುಗಿಸಿಬಿಡುತ್ತದೆ.

2022ರ ಜುಲೈನಲ್ಲಿ ಕೇಂದ್ರ ಸಂಪುಟ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬಿಎಸ್‌ಎನ್‌ಎಲ್‌ನ 4ಜಿ ಟವರುಗಳ ರೇಡಿಯೊ ಉಪಕರಣ ತಯಾರಾಗಿರುವುದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಲ್ಲಿ. ಹೊಸ ಟವರು ಹತ್ತಿರ ಬಂದ ಊರಿನಲ್ಲಿ ಮೊದಲು ಬದಲಾಗುವುದು ವೀಡಿಯೊ ಓಡುವ ವೇಗ ಎಂದು ನಾವು ಎಣಿಸುತ್ತೇವೆ. ಅದಕ್ಕೂ ಮೊದಲು ಫೋನಿನ ಕೂಗು ತಗ್ಗುತ್ತದೆ, ಚಾರ್ಜು ಸಂಜೆಯವರೆಗೆ ನಿಲ್ಲುತ್ತದೆ. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ, ಆಂಬುಲೆನ್ಸಿಗೆ ಒಂದು ಕರೆ ಮಾಡುವಷ್ಟು ಚಾರ್ಜು ಫೋನಿನಲ್ಲಿ ಇನ್ನೂ ಉಳಿದಿರುತ್ತದೆ.